ಬೈದಾದ ಮೇಲಿನ ಅರ್ಧ ಗಂಟೆ

(ಅಪ್ಪ ಅಮ್ಮಂದಿರ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಆದಷ್ಟೂ ಆಡಿದ ಹಾಗೆಯೇ ಬರೆದಿದ್ದೇನೆ, ಅಲ್ಲಿ ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ನನ್ನ ಹತ್ತಿರ ಬಂದವರ ವಿಷಯ ಬರುವ ಕಡೆ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೇ ಬರುತ್ತೇನೆ.

ನನ್ನ ಹತ್ತಿರ ಕೌನ್ಸೆಲಿಂಗಿಗೆ ಬರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. ಮಕ್ಕಳ ಮೇಲೆ ಕೂಗಾಡದೆ ಇರುವುದು ಹೇಗೆ? ವರ್ಷಗಟ್ಟಲೆ ನಾನು ಅದಕ್ಕೆ ಉತ್ತರ ಕೊಡುತ್ತಾ ಬಂದೆ. ಉಸಿರು ಎಳೆದುಕೊಳ್ಳಿ, ಹತ್ತರ ತನಕ ಎಣಿಸಿ, ಆ ಕೋಣೆಯಿಂದ ಎದ್ದು ಆಚೆ ಹೋಗಿ. ಎಲ್ಲ ಸರಿಯೇ, ಈಗಲೂ ಹೇಳುತ್ತೇನೆ. ಆದರೆ ಈಗೀಗ ಅದಕ್ಕೂ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಕೂಗಾಡಿ ಆದ ಮೇಲೆ ಏನು ಮಾಡಿದಿರಿ?

ಅಲ್ಲಿಗೆ ಮಾತು ನಿಂತುಬಿಡುತ್ತದೆ. ಕೂಗಾಡಿದ ಕಥೆ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಯಾವ ಮಾತು ಬಾಯಿಂದ ಬಂತು, ಮಗುವಿನ ಮುಖ ಹೇಗೆ ಬಾಡಿತು, ತಮ್ಮ ಕೈ ಹೇಗೆ ನಡುಗಿತು, ಎಲ್ಲ. ಆಮೇಲೆ ಏನಾಯ್ತು ಅಂದರೆ, "ಏನಿಲ್ಲ, ಹಾಗೇ ಸರಿಹೋಯ್ತು" ಅನ್ನುತ್ತಾರೆ. ಇವತ್ತು ನಾನು ಆ "ಹಾಗೇ ಸರಿಹೋಯ್ತು" ಬಗ್ಗೆಯೇ ಮಾತಾಡೋಣ ಅಂತ ಬಂದಿದ್ದೇನೆ. ಯಾಕೆಂದರೆ ಬಹಳ ಸಲ ಅದು ಸರಿಹೋಗಿರುವುದಿಲ್ಲ. ಎಲ್ಲರೂ ಸುಮ್ಮನಾಗಿರುತ್ತಾರೆ, ಅಷ್ಟೇ.

ಮೊದಲು ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ.

ನನ್ನ ಮಗನಿಗೆ ಆಗ ಎಂಟು ವರ್ಷ. ನಾನು ಇಡೀ ದಿನ ಬೇರೆಯವರ ಕಷ್ಟ ಕೇಳಿ ಮನೆಗೆ ಬಂದಿದ್ದೆ. ಚಪ್ಪಲಿ ಬಿಡುವ ಮೊದಲೇ ಅವನು ಒಂದು ಕಥೆ ಶುರು ಮಾಡಿದ. ಯಾವುದೋ ನಾಯಿ ಅವರ ಶಾಲೆಯ ಗೇಟಿನ ಹತ್ತಿರ ಬಂದಿತ್ತಂತೆ. ಮಕ್ಕಳು ಕಥೆ ಹೇಳುವುದು ಗೊತ್ತಲ್ಲ, ಆ ನಾಯಿಯ ಬಾಲದಿಂದ ಹಿಡಿದು ಅದು ಯಾವ ಕಡೆಯಿಂದ ಬಂತು, ಮೊದಲು ನೋಡಿದ್ದು ಯಾರು, ಅಲ್ಲ ಅಲ್ಲ ಅವನಲ್ಲ ಇನ್ನೊಬ್ಬ, ಹೀಗೆ ಹೋಗುತ್ತಿತ್ತು. "ಆಮೇಲೆ ಆ ನಾಯಿ..." ಅನ್ನುತ್ತಿದ್ದ. ನಾನು ತಿರುಗಿ, "ಒಂದು ನಿಮಿಷ ಸುಮ್ನೆ ಇರೋಕಾಗಲ್ವಾ ನಿಂಗೆ?" ಅಂದೆ. ಮಾತಿಗಿಂತ ದನಿ ಜೋರಿತ್ತು. ಅವನು ಅಲ್ಲೇ ನಿಲ್ಲಿಸಿದ. ಅಳಲಿಲ್ಲ. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಮತ್ತೆ ತೆಗೆದ, ಹಾಕಿದ. ಆಮೇಲೆ ಒಳಗೆ ಹೋದ.

ಹತ್ತು ನಿಮಿಷ ಬಿಟ್ಟು ನಾನು ಅವನ ಕೋಣೆಯ ಬಾಗಿಲಿಗೆ ಹೋದೆ. ಅವನು ನೆಲದ ಮೇಲೆ ಗೊಂಬೆಗಳನ್ನು ಹರಡಿಕೊಂಡು ಆಡುತ್ತಿದ್ದ. ದೊಡ್ಡ ಗೊಂಬೆ ಸಣ್ಣ ಗೊಂಬೆಗೆ ಹೇಳುತ್ತಿತ್ತು: "ಒಂದು ನಿಮಿಷ ಸುಮ್ನೆ ಇರೋಕಾಗಲ್ವಾ ನಿಂಗೆ?" ಅದೇ ಮಾತು, ಅದೇ ದನಿ, ಕೊನೆಯ "ನಿಂಗೆ"ಯ ಮೇಲೆ ಅದೇ ಒತ್ತು. ನನಗೆ ಕಾಲು ಮುಂದೆ ಹೋಗಲಿಲ್ಲ.

ಆ ಕಥೆಯ ಮುಂದಿನ ಭಾಗ ಆಮೇಲೆ ಹೇಳುತ್ತೇನೆ. ನಡುವೆ ಸ್ವಲ್ಪ ಬೇರೆ ಕಡೆ ಹೋಗಿ ಬರೋಣ.

ಎಡ್ವರ್ಡ್ ಟ್ರೋನಿಕ್ ಅಂತ ಅಮೆರಿಕದ ಒಬ್ಬ ಮನಃಶಾಸ್ತ್ರಜ್ಞ ಇದ್ದಾರೆ. ಅವರು ಮತ್ತು ಜೊತೆಗಾರರು 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು, 1978ರಲ್ಲಿ ಅದು ಪ್ರಕಟವಾಯಿತು. ಕೆಲವು ತಿಂಗಳ ಕೂಸನ್ನು ಅಮ್ಮನ ಎದುರು ಕೂರಿಸುತ್ತಾರೆ. ಅಮ್ಮ ಎಂದಿನಂತೆ ಮುದ್ದು ಮಾಡುತ್ತಾಳೆ, ಮಾತಾಡಿಸುತ್ತಾಳೆ. ಆಮೇಲೆ ಅವಳು ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಮಗುವನ್ನು ನೋಡುತ್ತಾ ಕೂರಬೇಕು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಎದ್ದೂ ಹೋಗುವುದಿಲ್ಲ. ಮುಖ ಮಾತ್ರ ಕಲ್ಲು.

ಕೂಸು ಏನು ಮಾಡುತ್ತದೆ ಗೊತ್ತಾ? ಮೊದಲು ನಗುತ್ತದೆ. ಅಮ್ಮ ನಗುವುದಿಲ್ಲ. ಮತ್ತೆ ನಗುತ್ತದೆ. ಕೈ ಚಾಚುತ್ತದೆ, ಸದ್ದು ಮಾಡುತ್ತದೆ, ತನಗೆ ಗೊತ್ತಿರುವ ಆಟವನ್ನೆಲ್ಲ ಆಡಿ ನೋಡುತ್ತದೆ. ಏನೂ ಕೆಲಸ ಮಾಡದಿದ್ದಾಗ ಮುಖ ತಿರುಗಿಸುತ್ತದೆ, ಮೈ ಕುಸಿಯುತ್ತದೆ, ಕೆಲವು ಅಳುತ್ತವೆ. ಆ ಎರಡು ನಿಮಿಷ ನೋಡುವುದು ನಿಜಕ್ಕೂ ಕಷ್ಟ. ಆಮೇಲೆ ಅಮ್ಮ ಮತ್ತೆ ಮೊದಲಿನ ಅಮ್ಮನಾಗುತ್ತಾಳೆ. ಮಗು ತಕ್ಷಣ ಹಿಗ್ಗುವುದಿಲ್ಲ. ಸ್ವಲ್ಪ ಹೊತ್ತು ಅನುಮಾನದಿಂದ ನೋಡುತ್ತದೆ, ಒಂದಿಷ್ಟು ಗೊಣಗುತ್ತದೆ, ಆಮೇಲೆ ಹತ್ತಿರ ಬರುತ್ತದೆ.

ಈ ಪ್ರಯೋಗದ ಬಗ್ಗೆ ಹೇಳಿದಾಗಲೆಲ್ಲ ಅಮ್ಮಂದಿರು ಹೆದರಿಕೊಳ್ಳುತ್ತಾರೆ. "ಅಯ್ಯೋ, ನಾನು ದಿನಕ್ಕೆಷ್ಟು ಸಲ ಫೋನ್ ನೋಡ್ತಾ ಹಾಗೇ ಕೂತಿರ್ತೀನಿ" ಅನ್ನುತ್ತಾರೆ. ಅವರಿಗೆ ನಾನು ಟ್ರೋನಿಕ್ ಕಂಡುಕೊಂಡ ಇನ್ನೊಂದು ವಿಷಯ ಹೇಳುತ್ತೇನೆ, ಇದು ಯಾಕೋ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ಚೆನ್ನಾಗಿರುವ ತಾಯಿ ಮಗುವಿನ ನಡುವೆ ಕೂಡ, ಇಬ್ಬರೂ ಒಂದೇ ತಾಳದಲ್ಲಿ ಇರುವುದು ನೂರಕ್ಕೆ ಸುಮಾರು 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತು ತಾಳ ತಪ್ಪಿರುತ್ತದೆ. ಮಗು ನಗುವಾಗ ಅಮ್ಮ ಬೇರೆಲ್ಲೋ ನೋಡುತ್ತಿರುತ್ತಾಳೆ, ಅಮ್ಮ ಮುದ್ದು ಮಾಡಲು ಹೋದಾಗ ಮಗುವಿಗೆ ಬೇಡವಾಗಿರುತ್ತದೆ. ತಪ್ಪುತ್ತದೆ, ಸರಿಹೋಗುತ್ತದೆ. ಮತ್ತೆ ತಪ್ಪುತ್ತದೆ, ಮತ್ತೆ ಸರಿಹೋಗುತ್ತದೆ. ಕೂಸು ಬೆಳೆಯುವುದೇ ಇದರಲ್ಲಿ. ತಪ್ಪಿದ ತಾಳ ಮತ್ತೆ ಸೇರುತ್ತದೆ ಅನ್ನುವ ಭರವಸೆ ಮಾತು ಬರುವ ಮೊದಲೇ ಅದರ ಮೈಗೆ ಇಳಿಯುತ್ತದೆ.

ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲೇ, ಮಗುವಿಗೆ ಬೇಕಾಗಿರುವುದು ತಪ್ಪೇ ಮಾಡದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಅಂತ ಬರೆದಿದ್ದರು. "ಸಾಕಷ್ಟು" ಅನ್ನುವ ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಅವರಿಗಿಂತ ಮೊದಲು ಹೇಗಿತ್ತು ಅಂದರೆ, 1928ರಲ್ಲಿ ಜಾನ್ ವಾಟ್ಸನ್ ಅನ್ನುವ ಆಗಿನ ಕಾಲದ ದೊಡ್ಡ ಮನಃಶಾಸ್ತ್ರಜ್ಞ, ಮಕ್ಕಳನ್ನು ತಬ್ಬಿಕೊಳ್ಳಬೇಡಿ, ಮುತ್ತು ಕೊಡಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿ ಸಾಕು ಅಂತ ಅಪ್ಪ ಅಮ್ಮಂದಿರಿಗೆ ಬುದ್ಧಿ ಹೇಳಿದ್ದರು. ತಜ್ಞರು ಹೇಳಿದ್ದೆಲ್ಲ ಸರಿ ಇರುವುದಿಲ್ಲ. ನನ್ನ ಮಾತನ್ನೂ ನಿಮ್ಮ ಮಗುವಿನ ಮುಖ ನೋಡಿಕೊಂಡೇ ಒಪ್ಪಿ.

ಇನ್ನೊಬ್ಬರು ಮೇರಿ ಏನ್ಸ್‌ವರ್ತ್. ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಆಟದ ಸಾಮಾನು ಇರುವ ಹೊಸ ಕೋಣೆಯಲ್ಲಿ ಬಿಟ್ಟು, ಅಮ್ಮ ಕೆಲವು ನಿಮಿಷ ಹೊರಗೆ ಹೋಗಿ ವಾಪಸ್ ಬರುವ ಹಾಗೆ ಮಾಡಿ ಗಮನಿಸಿದವರು. ಅಮ್ಮ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದೇ ಮುಖ್ಯ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅವರು ಹೆಚ್ಚು ಗಮನ ಕೊಟ್ಟಿದ್ದು ಅಮ್ಮ ವಾಪಸ್ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ. ಕೆಲವು ಮಕ್ಕಳು ಓಡಿ ಬಂದು ಅಂಟಿಕೊಂಡು, ಸಮಾಧಾನ ಆದ ಮೇಲೆ ಮತ್ತೆ ಆಟಕ್ಕೆ ಹೋದವು. ಕೆಲವು ಎಷ್ಟು ಎತ್ತಿಕೊಂಡರೂ ಸಮಾಧಾನವಾಗಲಿಲ್ಲ. ಇನ್ನು ಕೆಲವು ಅಮ್ಮ ಬಂದಿದ್ದೇ ಗೊತ್ತಿಲ್ಲವೇನೋ ಅನ್ನುವ ಹಾಗೆ ಆಟ ಆಡುತ್ತಾ ಕೂತವು. ಈ ಕೊನೆಯ ಮಕ್ಕಳನ್ನು ನೋಡಿದರೆ ಎಷ್ಟು ಗಟ್ಟಿ ಮಗು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲ್ಲ ಅನ್ನಿಸುತ್ತದೆ. ಆದರೆ ಮುಂದೆ ಬೇರೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದಾಗ, ಮುಖ ಶಾಂತವಾಗಿದ್ದರೂ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಇದನ್ನು ನಾನು ಮರೆಯುವುದೇ ಇಲ್ಲ. "ನಮ್ಮ ಹುಡುಗ ಬೈದರೂ ತಲೆ ಕೆಡಿಸಿಕೊಳ್ಳಲ್ಲ ಮೇಡಂ, ಐದು ನಿಮಿಷಕ್ಕೆ ಮರೀತಾನೆ" ಅಂತ ಯಾರಾದರೂ ಹೇಳಿದರೆ ನನಗೆ ಆ ಎದೆಬಡಿತವೇ ನೆನಪಾಗುತ್ತದೆ.

ಈಗ ಗಂಡ ಹೆಂಡತಿಯ ವಿಷಯಕ್ಕೆ ಬರೋಣ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಇದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಇನ್ನೊಂದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಜಗಳ ಶುರುವಾಗುವುದು ಮಗುವಿನ ಎದುರಿಗೆ. ಮುಗಿಯುವುದು ಮಗು ಮಲಗಿದ ಮೇಲೆ, ಮುಚ್ಚಿದ ಬಾಗಿಲ ಹಿಂದೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಅಮ್ಮ ನಗುತ್ತಾ ಮಾತಾಡುತ್ತಿದ್ದಾರೆ. ಮಗುವಿಗೆ ಜಗಳ ಹೇಗೆ ಶುರುವಾಗುತ್ತದೆ ಅಂತ ಗೊತ್ತಾಯಿತು. ಹೇಗೆ ಮುಗಿಯುತ್ತದೆ ಅಂತ ಗೊತ್ತಾಗಲೇ ಇಲ್ಲ. ದೊಡ್ಡವರ ಜಗಳ ಮಕ್ಕಳ ಮೇಲೆ ಏನು ಮಾಡುತ್ತದೆ ಅಂತ ಮಾರ್ಕ್ ಕಮಿಂಗ್ಸ್ ಅನ್ನುವವರು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಜಗಳ ಬಗೆಹರಿದಿದ್ದನ್ನು ನೋಡಿದ ಮಕ್ಕಳಿಗೆ, ಬಗೆಹರಿಯದ ಜಗಳ ನೋಡಿದ ಮಕ್ಕಳಿಗಿಂತ ಸಂಕಟ ಎಷ್ಟೋ ಕಡಿಮೆ. ಬಾಗಿಲ ಹಿಂದೆ ರಾಜಿಯಾಗಿದ್ದರೂ ಪರವಾಗಿಲ್ಲ, ಆಮೇಲೆ ಮಗುವಿಗೆ ಒಂದು ಮಾತು ಹೇಳಿದರೂ ಉಪಯೋಗವಿದೆ. "ನಿನ್ನೆ ನಾವಿಬ್ಬರೂ ಜೋರಾಗಿ ಮಾತಾಡಿದೆವು. ಆಮೇಲೆ ಕೂತು ಮಾತಾಡಿಕೊಂಡೆವು. ಅದು ನಿನ್ನಿಂದ ಆಗಿದ್ದಲ್ಲ." ಮೂರೇ ವಾಕ್ಯ. ಕೊನೆಯದನ್ನು ಬಿಡಬೇಡಿ, ಯಾಕೆಂದರೆ ಸಣ್ಣ ಮಕ್ಕಳು ಮನೆಯಲ್ಲಿ ಆಗುವುದೆಲ್ಲ ತಮ್ಮಿಂದಲೇ ಆಗಿದ್ದು ಅಂದುಕೊಳ್ಳುತ್ತಾರೆ.

ಗಂಡ ಹೆಂಡತಿಯರನ್ನು ದಶಕಗಟ್ಟಲೆ ಗಮನಿಸಿದ ಜಾನ್ ಗಾಟ್‌ಮನ್ ಹೇಳುವುದೂ ಹೆಚ್ಚುಕಡಿಮೆ ಇದೇ. ಚೆನ್ನಾಗಿ ಬಾಳುವವರೂ ಜಗಳ ಆಡುತ್ತಾರೆ. ಅವರು ಜಗಳದ ನಡುವೆಯೇ ಒಂದು ಸಣ್ಣ ಕೈ ಚಾಚುತ್ತಾರೆ, ಒಂದು ತಮಾಷೆ, ಒಂದು "ಸರಿ, ಇದು ನನ್ನ ತಪ್ಪು", ಮತ್ತು ಆ ಕಡೆಯವರು ಆ ಕೈಯನ್ನು ತಳ್ಳುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ಇದು ಸಾಧ್ಯವಿಲ್ಲ ಅಂತಲೂ ಅವರು ಹೇಳುತ್ತಾರೆ. ಮೈ ತಣ್ಣಗಾಗಲು ಕಡಿಮೆಯೆಂದರೂ 20 ನಿಮಿಷ ಬೇಕು. ಅದಕ್ಕೇ ನಾನು ಅರ್ಧ ಗಂಟೆ ಅಂತ ಹೇಳುವುದು. ತಕ್ಷಣ ಹೋಗಿ ಸಾರಿ ಕೇಳಬೇಡಿ. ನಿಮ್ಮ ಸಿಟ್ಟು ಇನ್ನೂ ಇಳಿದಿರುವುದಿಲ್ಲ, ಸಾರಿ ಕೂಡ ಬೈಗುಳದ ಹಾಗೆ ಹೊರಗೆ ಬರುತ್ತದೆ.

ಆ ಅರ್ಧ ಗಂಟೆಯ ಆಮೇಲೆ ಏನು ಹೇಳಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಾನು ಜಾಸ್ತಿ ತಪ್ಪುಗಳನ್ನು ನೋಡುವುದು ಇಲ್ಲೇ.

ಒಬ್ಬ ಅಪ್ಪ ಬಂದಿದ್ದರು. ಮಗಳಿಗೆ 11 ವರ್ಷ. ಅವಳು ಕೊಟ್ಟ ಮಾತು ಮುರಿದಳು ಅಂತ ಇವರು ಎಲ್ಲರೆದುರು ಬೈದಿದ್ದರು. "ನಾನು ಸಾರಿ ಕೇಳಿದೆ ಮೇಡಂ, ಆದ್ರೂ ಅವಳು ಮುಖ ಊದಿಸ್ಕೊಂಡೇ ಇದ್ದಾಳೆ" ಅಂದರು. ಏನಂತ ಕೇಳಿದಿರಿ ಅಂದೆ. "ಸಾರಿ, ಆದ್ರೆ ನೀನೂ ಹಾಗೆ ಮಾಡಬಾರದಿತ್ತು ಅಂದೆ." ಈ "ಆದ್ರೆ" ಇದೆಯಲ್ಲ, ಅದು ಬಂದ ಕೂಡಲೇ ಅದರ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಮಗುವಿನ ತಪ್ಪಿನ ಬಗ್ಗೆ ಮಾತಾಡಬಾರದು ಅಂತಲ್ಲ. ಖಂಡಿತ ಮಾತಾಡಬೇಕು, ನಾಳೆ ಮಾತಾಡಿ, ಸಂಜೆ ಮಾತಾಡಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ, ಅಷ್ಟೇ.

ಇನ್ನೊಂದು ಬಗೆ ಇದಕ್ಕೆ ಪೂರ್ತಿ ಉಲ್ಟಾ. ಅಮ್ಮ ಮಗುವನ್ನು ತಬ್ಬಿಕೊಂಡು ಅಳುತ್ತಾಳೆ. "ನಾನು ಕೆಟ್ಟ ಅಮ್ಮ, ನಿನಗೆ ನನ್ನಂಥ ಅಮ್ಮ ಸಿಗಬಾರದಿತ್ತು." ಆಗ ಮಗು ಏನು ಮಾಡುತ್ತದೆ? ತನ್ನ ಅಳು ನುಂಗಿಕೊಂಡು ಅಮ್ಮನ ಬೆನ್ನು ಸವರುತ್ತದೆ. "ಇಲ್ಲಮ್ಮ, ನೀನು ಒಳ್ಳೆಯವಳು." ಪೆಟ್ಟು ತಿಂದದ್ದು ಮಗು, ಸಮಾಧಾನ ಮಾಡುತ್ತಿರುವುದೂ ಮಗುವೇ. ಆ ಅಮ್ಮನ ದುಃಖ ಸುಳ್ಳಲ್ಲ. ಆದರೆ ಅದನ್ನು ಇಳಿಸಿಕೊಳ್ಳಲು ದೊಡ್ಡವರ ಹೆಗಲು ಬೇಕು, ಗೆಳತಿಯದ್ದೋ ಅಕ್ಕನದ್ದೋ ನನ್ನಂಥವರದ್ದೋ. ಏಳು ವರ್ಷದ ಹೆಗಲಿಗೆ ಅದು ಭಾರ.

ಸಾರಿ ಬದಲು ಆಟದ ಸಾಮಾನು ತಂದುಕೊಡುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಮಗೇ ಗೊತ್ತಿದೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ಆಮೇಲೆ ಸರಿಮಾಡಿಕೊಳ್ಳಬಹುದು ಅನ್ನುವುದು ಹೊಡೆಯಲು ಸಿಕ್ಕ ಪರವಾನಗಿ ಅಲ್ಲ. ರಾತ್ರಿ ಹೊಡೆದು ಬೆಳಿಗ್ಗೆ ಮುದ್ದು ಮಾಡುವುದು, ಮತ್ತೆ ಮರುವಾರ ಅದೇ, ಇದನ್ನು ನಾನು ಸರಿಹೋಗುವುದು ಅಂತ ಕರೆಯುವುದಿಲ್ಲ. ಹಾಗೆ ಬೆಳೆದ ಮಗು ಪ್ರೀತಿ ಅಂದರೆ ಹೊಡೆತದ ಆಮೇಲೆ ಬರುವಂಥದ್ದು ಅಂತ ಕಲಿಯುತ್ತದೆ, ಮುಂದೆ ಹೊಡೆಯುವವರನ್ನೇ ಪ್ರೀತಿಸುವವರು ಅಂತ ನಂಬಿಬಿಡುವ ಅಪಾಯವಿದೆ. ಸರಿಹೋಗುವುದು ಅಂದರೆ ಮುಂದಿನ ಸಲ ಏನಾದರೂ ಬೇರೆ ಆಗಬೇಕು, ಸ್ವಲ್ಪವಾದರೂ.

ಇದೆಲ್ಲ ಮನೆಯೊಳಗಿನ ಮಾತಾಯ್ತು. ಹೊರಗೂ ಇದೇ ಕಥೆ. ಗೆಳೆಯ ನಮ್ಮ ಮೆಸೇಜ್ ನೋಡಿಯೂ ಉತ್ತರ ಕೊಡುವುದಿಲ್ಲ. ಅವನಿಗೆ ಕೊಬ್ಬು ಅಂತ ತೀರ್ಮಾನ ಮಾಡುತ್ತೇವೆ. ನಾವೇ ಯಾರಿಗೋ ಉತ್ತರ ಕೊಟ್ಟಿರುವುದಿಲ್ಲ, ಅದಕ್ಕೆ ಮಾತ್ರ ಕೆಲಸದ ಒತ್ತಡ ಕಾರಣ. ನಮ್ಮ ತಪ್ಪಿಗೆ ಸಂದರ್ಭ, ಬೇರೆಯವರ ತಪ್ಪಿಗೆ ಅವರ ಗುಣ. ಬೇರೆಯವರನ್ನು ಹೀಗೆ ಗುಣದಿಂದಲೇ ಅಳೆಯುವುದಕ್ಕೆ ಲೀ ರಾಸ್ ಅನ್ನುವ ಮನಃಶಾಸ್ತ್ರಜ್ಞ 1977ರಲ್ಲಿ ಒಂದು ಹೆಸರೇ ಕೊಟ್ಟರು, ಜನರನ್ನು ಅಳೆಯುವಾಗ ನಾವು ಮಾಡುವ ಮೂಲ ತಪ್ಪು ಇದು ಅಂತ. ಮಕ್ಕಳ ಮೇಲೆ ಇದನ್ನು ಇನ್ನೂ ಜಾಸ್ತಿ ಮಾಡುತ್ತೇವೆ. ನಿದ್ದೆಗೆಟ್ಟು ನಾವು ಸಿಡುಕಿದರೆ ಸುಸ್ತು, ನಿದ್ದೆಗೆಟ್ಟು ಮಗು ಸಿಡುಕಿದರೆ ಹಠಮಾರಿ.

ಗುಣ ಅಂತ ಒಂದು ಸಲ ತೀರ್ಮಾನವಾದ ಮೇಲೆ ಸರಿಮಾಡಿಕೊಳ್ಳಲು ಏನು ಉಳಿಯುತ್ತದೆ ಹೇಳಿ? ಅವನು ಇರುವುದೇ ಹಾಗೆ ಅಂದಮೇಲೆ ಮಾತಾಡಿ ಏನು ಪ್ರಯೋಜನ? ಅದಕ್ಕೇ ಜನ ಮಾತು ಬಿಡುತ್ತಾರೆ. ಈಗಂತೂ ಅದು ಬಹಳ ಸುಲಭ. ಮೊದಲಾದರೆ ಮಾತು ಬಿಟ್ಟವರ ಮುಖ ದಿನಾ ನೋಡಬೇಕಿತ್ತು, ಒಂದಲ್ಲ ಒಂದು ದಿನ ಯಾವುದೋ ನೆಪದಲ್ಲಿ ಮಾತು ಬರುತ್ತಿತ್ತು. ಈಗ ಬ್ಲಾಕ್ ಮಾಡಿದರೆ ಮುಗಿಯಿತು, ಗ್ರೂಪಿನಿಂದ ಹೊರಗೆ ಬಂದರೆ ಮುಗಿಯಿತು. ಕೆಲವರನ್ನು ದೂರ ಇಡಲೇಬೇಕು, ಅದು ಬೇರೆ. ಆದರೆ 20 ವರ್ಷದ ಸ್ನೇಹವನ್ನು ಒಂದು ಸಂಜೆಯ ಮಾತಿಗೆ ಕಳೆದುಕೊಂಡವರು ನನ್ನ ಎದುರು ಕೂತು, "ಅವನಿಗೆ ಏನಂತ ಹೇಳಿ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ" ಅಂದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅವರಿಗೆ ಸಿಟ್ಟು ಜಾಸ್ತಿಯಾಗಿ ಹೀಗಾದದ್ದಲ್ಲ. ಜಗಳ ಆಡಿದವರು ಮತ್ತೆ ಮಾತಿಗೆ ಬರುವುದನ್ನು ಅವರು ಯಾವತ್ತೂ ಕಣ್ಣಾರೆ ನೋಡಿರಲಿಲ್ಲ.

ನನ್ನ ಮಗನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಬಾಗಿಲಲ್ಲಿ ನಿಂತಿದ್ದವಳು ಆಗಲೇ ಒಳಗೆ ಹೋಗಲಿಲ್ಲ. ಮುಖ ತೊಳೆದುಕೊಂಡೆ, ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಹೋಗಿ ನೆಲದ ಮೇಲೆ ಅವನ ಪಕ್ಕ ಕೂತು ಹೇಳಿದೆ. "ನೀನು ನಾಯಿಯ ವಿಷಯ ಹೇಳ್ತಿದ್ದೆ. ನಾನು ಮಧ್ಯೆ ಕಿರುಚಿಬಿಟ್ಟೆ. ನಿನ್ನ ತಪ್ಪೇನೂ ಇರಲಿಲ್ಲ, ನನಗೆ ಸುಸ್ತಾಗಿತ್ತು. ಹಾಗೆ ಕಿರುಚಬಾರದಿತ್ತು. ಮುಂದೇನಾಯ್ತು ಹೇಳ್ತೀಯಾ?"

ಅವನು ಗೊಂಬೆ ನೋಡುತ್ತಲೇ, "ಏನೂ ಆಗ್ಲಿಲ್ಲ" ಅಂದ.

ನನಗೆ ಬೇಸರವಾಯಿತು. ಇಷ್ಟು ಕೇಳಿಕೊಂಡರೂ ಹೀಗೆ ಅಂತಾನಲ್ಲ ಅನ್ನಿಸಿತು. ನಿಮಗೂ ಹೀಗೆ ಆಗಬಹುದು. ನೀವು ಹೋಗಿ ಕೇಳಿದ ಹೊತ್ತಿಗೆ ಮಗು ಸಿದ್ಧವಾಗಿರಬೇಕು ಅಂತೇನೂ ಇಲ್ಲ, ಟ್ರೋನಿಕ್ ಪ್ರಯೋಗದ ಕೂಸು ಕೂಡ ಸ್ವಲ್ಪ ಹೊತ್ತು ಅನುಮಾನದಿಂದ ನೋಡುತ್ತಿತ್ತಲ್ಲ. ನಾನು ಸರಿ ಅಂತ ಎದ್ದು ಬಂದೆ. ರಾತ್ರಿ ದೀಪ ಆರಿಸಿ ಹೊದಿಕೆ ಸರಿಮಾಡಿ ಇನ್ನೇನು ಹೊರಡಬೇಕು, ಕತ್ತಲಲ್ಲಿ ದನಿ ಬಂತು. "ಆಮೇಲೆ ಆ ನಾಯಿ ಕ್ಲಾಸ್ ಒಳಗೇ ಬಂತಮ್ಮ." ಐದು ಗಂಟೆಯ ಹಿಂದೆ ಎಲ್ಲಿ ನಿಲ್ಲಿಸಿದ್ದನೋ ಸರಿಯಾಗಿ ಅಲ್ಲಿಂದಲೇ ಶುರು ಮಾಡಿದ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಇತ್ತು. ಹೆಚ್ಚಿನವು ಫೋನು, ಓದು, ಹಠದ ಬಗ್ಗೆ ಇದ್ದವು, ಅವನ್ನು ಇನ್ನೊಮ್ಮೆ ಬರೆಯುತ್ತೇನೆ. ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದು ನಿಂತರು. ಮೈಕ್ ಬೇಡ ಅಂದರು.

"ನನ್ನ ಮಗನಿಗೆ ಈಗ 41. ಅವನು ಆರನೇ ಕ್ಲಾಸಲ್ಲಿದ್ದಾಗ ಒಂದು ಪುಸ್ತಕದ ತುಂಬ ಚಿತ್ರ ಬರೆದಿಟ್ಟಿದ್ದ. ಪರೀಕ್ಷೆ ಹತ್ತಿರ ಇತ್ತು. ನಾನು ಅದನ್ನ ಹರಿದು ಹಾಕಿದೆ, ಅವನ ಎದುರಿಗೇ. ಅವನು ಏನೂ ಅನ್ನಲಿಲ್ಲ. ಆಮೇಲೆ ಚಿತ್ರ ಬರೀಲೂ ಇಲ್ಲ. ಈಗ ಹೋಗಿ ಏನಂತ ಹೇಳಲಿ?"

ಈಗ ನನಗೆ ಹೇಳಿದಿರಲ್ಲ, ಅಷ್ಟನ್ನೇ ಹೇಳಿ ಅಂದೆ. ಅದಕ್ಕೆ ಇನ್ನೇನೂ ಸೇರಿಸಬೇಡಿ, ಪರೀಕ್ಷೆ ಹತ್ತಿರ ಇತ್ತು ಅನ್ನುವುದನ್ನೂ ಬಿಡಿ.

"ನಂಗೆ ನೆನಪಿಲ್ಲಮ್ಮ ಅಂದ್ರೆ?"

ಅನ್ನಬಹುದು, ಅಂದೆ. ನೆನಪಿದ್ದೂ ಹಾಗೆ ಅನ್ನಬಹುದು. ಪರವಾಗಿಲ್ಲ ಬಿಡು, ನನಗೆ ನೆನಪಿದೆ ಅಂತ ಹೇಳಿ ಬನ್ನಿ.

ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು, ಆಮೇಲೆ ಕೂತರು. ಮುಂದೆ ಯಾರೂ ಪ್ರಶ್ನೆ ಕೇಳಲಿಲ್ಲ.